ಚರ್ಚಾಪುಟದಲ್ಲಿ ಇಬ್ಬರು

ಆ ವಾಕ್ಯವನ್ನು ಅವಳು ಮೂರನೆಯ ಸಲ ಅಳಿಸಿದಾಗ ಕಂಪ್ಯೂಟರ್ ಲ್ಯಾಬಿನ ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರ್ರೆಂದು ಹಿಂದಕ್ಕೆ ಸರಿಯಿತು.

ಅವಳು ತಿರುಗಿ ನೋಡಲಿಲ್ಲ. ಹೆಜ್ಜೆಯ ಸದ್ದು ತನ್ನ ಕಡೆಗೇ ಬರುತ್ತಿದೆ ಎನ್ನುವುದು ಮಾತ್ರ ಬೆನ್ನಿಗೆ ತಿಳಿಯಿತು.

ಸಾರ್ವಜನಿಕ ನೀತಿ ಓದುವ ಎಂ.ಎ. ತರಗತಿಗೆ ಆ ಸೆಮಿಸ್ಟರಿನಲ್ಲಿ ಪರೀಕ್ಷೆಯ ಬದಲು ಒಂದು ಕೆಲಸ ಕೊಟ್ಟಿದ್ದರು. ಆನ್‌ಲೈನ್ ವಿಶ್ವಕೋಶದಲ್ಲಿ ಸರ್ಕಾರದ ನೀತಿಗಳ ಬಗ್ಗೆ ಅರೆಬರೆಯಾಗಿ ಬಿದ್ದಿರುವ ಲೇಖನಗಳನ್ನು ಹುಡುಕಿ, ತಿದ್ದಿ, ಆಧಾರ ಕೊಟ್ಟು ಬೆಳೆಸಬೇಕು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಅಳಿಸಬಹುದು. ತಕರಾರಿದ್ದರೆ ಪ್ರತಿ ಲೇಖನಕ್ಕೂ ಬೆನ್ನಿಗೆ ಅಂಟಿದಂತೆ ಒಂದು ಚರ್ಚಾಪುಟವಿರುತ್ತದೆ. ಅಲ್ಲಿ ಬಗೆಹರಿಸಿಕೊಳ್ಳಬೇಕು.

ಅವಳು ಆರಿಸಿಕೊಂಡದ್ದು ಹೆರಿಗೆ ವಾರ್ಡುಗಳ ವಿಲೀನ ನೀತಿ. ಸಣ್ಣ ಊರುಗಳ ಹೆರಿಗೆ ವಾರ್ಡುಗಳನ್ನು ಮುಚ್ಚಿ, ಎಲ್ಲವನ್ನೂ ನಗರದ ದೊಡ್ಡಾಸ್ಪತ್ರೆಗೆ ಸೇರಿಸಿದ ನೀತಿ. ಅವನು ಆರಿಸಿಕೊಂಡದ್ದೂ ಅದನ್ನೇ.

ಅವನು ಬರೆದ ವಾಕ್ಯ ಇಷ್ಟೇ ಇತ್ತು: "ವಾರ್ಡ್ ಮುಚ್ಚಿದ ಮೇಲೆ, ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಬ್ಬ ತಾಯಿ ತನ್ನ ಮಗುವನ್ನು ಕಳೆದುಕೊಂಡಳು."

ಅವಳು ಮೂರು ಸಲವೂ ಕೊಟ್ಟ ಕಾರಣ ಎರಡೇ ಪದದ್ದು: "ಆಧಾರ ಎಲ್ಲಿ?"

"ನೀವೇನಾ ಅಳಿಸ್ತಾ ಇರೋದು?"

ಅವಳು ಕುರ್ಚಿ ತಿರುಗಿಸಿದಳು. ಎತ್ತರದ ಹುಡುಗ. ಅಂಗಿಯ ತೋಳು ಒಂದು ಮಡಚಿತ್ತು, ಇನ್ನೊಂದು ಮಡಚಿರಲಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದರೂ ಎರಡೂ ಕಡೆಯ ವಾದ ಮಂಡಿಸುತ್ತಾನೆಂದು ತರಗತಿ ಅವನನ್ನು 'ವಕೀಲ' ಎಂದು ಕರೆಯುತ್ತಿತ್ತು.

"ಹೌದು. ಆಧಾರ ಕೊಡಿ, ಅಳಿಸಲ್ಲ. ಪೇಪರಲ್ಲಿ ಬಂದಿತ್ತಾ? ಯಾವುದಾದ್ರೂ ವರದೀಲಿ ಇದ್ಯಾ?"

"ಇಲ್ಲ. ಆದ್ರೆ ನಡೆದಿದೆ."

"ನಡೆದದ್ದೆಲ್ಲಾ ಬರೆಯೋಕೆ ಇದು ಡೈರಿ ಅಲ್ಲ. ಬೇರೆಯವರು ಓದಿ ಪರೀಕ್ಷೆ ಮಾಡೋಕೆ ಆಗೋದನ್ನ ಮಾತ್ರ ಬರೀಬೇಕು. ಮೊದಲನೇ ಕ್ಲಾಸಲ್ಲೇ ಹೇಳಿದ್ರಲ್ಲ, ನಿದ್ದೆ ಮಾಡ್ತಿದ್ರಾ?"

ಯಾರೋ ಕಿಸಕ್ಕೆಂದು ನಕ್ಕರು. "ವಕೀಲ್ರೇ, ಕತ್ತರಿ ಹತ್ರ ಹೋಗಿದ್ದೀರಾ, ಕಿವಿ ಜೋಪಾನ!" ಎಂದ ಇನ್ನೊಬ್ಬ. ಕಂಡದ್ದನ್ನೆಲ್ಲ ಕತ್ತರಿಸುವ ಅವಳಿಗೆ ತರಗತಿ ಇಟ್ಟ ಹೆಸರು ಅದು.

ಅವನು ನಗಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಯಿತು. ದೂರದಿಂದ ಅವಳು ಕೋಪವೆಂದುಕೊಂಡದ್ದು ಹತ್ತಿರದಿಂದ ಕೋಪದ ಹಾಗೆ ಕಾಣಲಿಲ್ಲ. ಪೆಟ್ಟು ಬಿದ್ದ ಜಾಗವನ್ನು ಯಾರೋ ಮತ್ತೆ ಮುಟ್ಟಿದಾಗ ಮುಖ ಹಾಗಾಗುತ್ತದೆ.

ಅವನು ತನ್ನ ಕುರ್ಚಿಗೆ ಹಿಂದಿರುಗಿದ. ಸ್ವಲ್ಪ ಹೊತ್ತಿಗೆ ವಾಕ್ಯ ನಾಲ್ಕನೆಯ ಸಲ ಮೇಲೆದ್ದು ನಿಂತಿತು. ಅವಳು ಅಳಿಸುವ ಮೊದಲೇ, ಎಲ್ಲಿಯೋ ಕೂತು ಕಾಯುವ ವಿಶ್ವಕೋಶದ ಸ್ವಯಂಸೇವಕರೊಬ್ಬರು ಯಾರೂ ತಿದ್ದದಂತೆ ಆ ಲೇಖನಕ್ಕೇ ಬೀಗ ಹಾಕಿಬಿಟ್ಟರು.

*

"ಇಬ್ರೂ ಮಕ್ಕಳ ಹಾಗೆ ಹಗ್ಗ ಜಗ್ಗಿದ್ದೀರಿ," ಎಂದರು ಮೇಷ್ಟ್ರು. ಅವರು ಪ್ರೊಫೆಸರ್, ಆದರೆ ಬೈಯುವ ಚಂದಕ್ಕೆ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. "ಈ ನೀತಿ ಸರಿ ಅಂತ ಯಾರು ಹೇಳ್ತೀರಿ?"

ಅವಳು ಕೈಯೆತ್ತಿದಳು.

"ತಪ್ಪು ಅಂತ?"

ಅವನು ಕೈಯೆತ್ತಲಿಲ್ಲ, ನೆಟ್ಟಗೆ ನೋಡಿದ. ಅಷ್ಟೇ ಸಾಕಾಯಿತು.

"ಸರಿ ಹಾಗಾದ್ರೆ. ಸಮರ್ಥನೆಯ ಭಾಗ ವಕೀಲ ಬರೀಲಿ. ಟೀಕೆಯ ಭಾಗ ಕತ್ತರಿ ಬರೀಲಿ. ಒಂದೇ ಮೇಜಲ್ಲಿ ಕೂತು ಬರೀರಿ. ಎದುರಾಳಿ ಮಾತನ್ನ ಅವನಿಗಿಂತ ಚೆನ್ನಾಗಿ ಹೇಳೋಕೆ ಬಂದ ಮೇಲೆ ವಾದ ಮಾಡೋ ಹಕ್ಕು ಬರುತ್ತೆ. ಬೀಗ ತೆಗೆಸೋದು ನನಗೆ ಬಿಡಿ."

ಹಾಗೆ ಗ್ರಂಥಾಲಯದ ಮಹಡಿಯಲ್ಲಿ, ಒಂದು ಕಾಲು ಗಿಡ್ಡವಾದ ಮೇಜಿನ ಎರಡು ಬದಿಗೆ ಅವರಿಬ್ಬರೂ ಕೂತರು. ಅವನು ಮೊಣಕೈ ಊರಿದರೆ ಅವಳ ಅಕ್ಷರ ಅಲುಗುತ್ತಿತ್ತು. ಅವಳು ಪುಸ್ತಕ ಇಟ್ಟರೆ ಅವನ ಕಾಫಿ ತುಳುಕುತ್ತಿತ್ತು. ಮೊದಲ ವಾರ ಅವರು ಆಡಿದ ಮಾತೆಲ್ಲ ಆ ಮೇಜಿನ ಬಗ್ಗೆಯೇ.

ಎರಡನೆಯ ವಾರ ಅವನು ಹಳೆಯ ಅಂಕಿಅಂಶಗಳನ್ನು ಓದುತ್ತಾ ಕೂತವನು ಇದ್ದಕ್ಕಿದ್ದಂತೆ ಪುಸ್ತಕ ಮುಚ್ಚಿದ.

"ಏನಾಯ್ತು?"

"ಸಣ್ಣ ವಾರ್ಡುಗಳಲ್ಲಿ ರಕ್ತ ಇಡೋ ವ್ಯವಸ್ಥೆನೇ ಇರ್ಲಿಲ್ಲವಂತೆ. ಆಪರೇಷನ್ ಮಾಡೋ ಡಾಕ್ಟರು ದಿನಾ ಬರ್ತಿರ್ಲಿಲ್ಲ. ಅಲ್ಲಿ ಸತ್ತ ತಾಯಂದಿರ ಲೆಕ್ಕ ಇದೆ." ಅವನು ಕಿಟಕಿಯ ಕಡೆ ನೋಡಿದ. "ಇದನ್ನ ಓದಿದ್ರೆ ಮುಚ್ಚಿದ್ದೇ ಸರಿ ಅನ್ಸುತ್ತೆ. ನನಗೆ ಹಾಗನ್ನಿಸೋದು ಬೇಡವಾಗಿತ್ತು."

ಅವಳ ಗತಿಯೂ ಅದೇ ಆಗಿತ್ತು. ಬಸ್ಸಿಲ್ಲದ ಊರುಗಳು, ಫೋನ್ ಮಾಡಿದರೂ ಬಾರದ ಅಂಬುಲೆನ್ಸು, ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಕೂತ ಬಸುರಿಯರು. ಓದಿದಷ್ಟೂ ಮೊದಲ ದಿನ ಎತ್ತಿದ ಕೈ ಭಾರವಾಗುತ್ತಿತ್ತು.

"ನೀನು ಆ ಕ್ಯಾಪ್ ಕಚ್ಚೋದು ನಿಲ್ಲಿಸ್ತೀಯಾ? ಅದು ನನ್ನ ಪೆನ್ನು," ಎಂದ ಅವನು.

ಅವಳು ಕ್ಯಾಪನ್ನು ಬಾಯಿಂದ ತೆಗೆದಳು. "ಈಗ ಏನಂದ್ರಿ?"

"ನನ್ನ ಪೆನ್ನು ಅಂದೆ."

"ಅದಕ್ಕೆ ಮುಂಚೆ."

ಅವನು ನೆನಪು ಮಾಡಿಕೊಂಡ. ಕಿವಿಯ ತುದಿ ಮತ್ತೆ ಕೆಂಪಾಯಿತು. "ಬಾಯಿ ತಪ್ಪಿ 'ನೀನು' ಅಂದ್ಬಿಟ್ಟೆ. ಸಾರಿ. ಬೇಕಿದ್ರೆ ಅಳಿಸಿ."

"ಬೇಡ, ಇರ್ಲಿ," ಎಂದಳು ಅವಳು, ಪುಟ ತಿರುವುತ್ತಾ. "ನೀನೂ ಹಾಗೇ ಇರು."

ಅವತ್ತು ಇಬ್ಬರೂ ಒಂದು ಪ್ಯಾರಾ ಕೂಡ ಬರೆಯಲಿಲ್ಲ. ಅವಳು ತಲೆಯೆತ್ತಿದಾಗಲೆಲ್ಲ ಅವನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ಪುಸ್ತಕ ಮಾತ್ರ ತಲೆಕೆಳಗಾಗಿತ್ತು.

*

ಒಂದು ದಿನ ಅವನು ಬರಲಿಲ್ಲ. ಜ್ವರ ಎಂದು ಮೆಸೇಜು ಬಂತು. ಮಾರನೆಯ ದಿನವೂ ಜ್ವರ. ಮೂರನೆಯ ದಿನ ಅವಳು ಜೆರಾಕ್ಸ್ ಪ್ರತಿಗಳನ್ನು ನೆಪ ಮಾಡಿಕೊಂಡು ಅವನ ಮನೆ ಹುಡುಕಿ ಹೊರಟಳು.

ಎರಡನೆಯ ಮಹಡಿಯ ಬಾಗಿಲು ತೆರೆದವಳು ಕೊರಳಿಗೆ ಅಳತೆ ಟೇಪು ಹಾಕಿಕೊಂಡ, ತುಂಬಿದ ಬಸುರಿ. ಅವನು ಆಗಾಗ ಹೇಳುತ್ತಿದ್ದ ಅಕ್ಕ ಇವಳೇ ಇರಬೇಕು.

"ಸ್ಕೂಲ್ ಯೂನಿಫಾರ್ಮಾ? ಬುಧವಾರ ಕೊಡ್ತೀನಿ ಅಂದಿರ್ಲಿಲ್ವಾ? ಬಟನ್ನು ನನ್ನ ಹೊಟ್ಟೇಲಿ ಬೆಳೆಯುತ್ತಾ?"

"ಅಲ್ಲ, ನಾನು… ನಿಮ್ಮ ತಮ್ಮನ ಕ್ಲಾಸು."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅವಳ ಮುಖ ಅರಳಿತು. "ಓಹೋ! ಕತ್ತರಿ! ಒಳಗೆ ಬಾಮ್ಮ. ಮನೇಲಿರೋ ಕತ್ತರಿ ಸಾಲ್ದು ಅಂತ ಇನ್ನೊಂದು ತರೋ ಯೋಚ್ನೆ ಮಾಡಿದಾನೆ ನಮ್ ಹುಡುಗ."

ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕೋಣೆಯ ತುಂಬ ನೀಲಿ ಬಟ್ಟೆ, ಅರ್ಧ ಹೊಲಿದ ತೋಳುಗಳು, ಕಿಟಕಿಯ ಬಳಿ ಹೊಲಿಗೆ ಯಂತ್ರ. ಅವನು ಭಾವನ ಜೊತೆ ಕ್ಲಿನಿಕ್ಕಿಗೆ ಹೋಗಿದ್ದನಂತೆ.

"ಆ ಸಾಲು ಅಳಿಸಿದ್ದು ನೀನೇ ಅಲ್ವಾ?" ಅಕ್ಕ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಾ ಕೇಳಿದಳು.

"ಯಾವ ಸಾಲು?"

"ದಾರೀಲಿ ಮಗು ಕಳ್ಕೊಂಡ ತಾಯಿದು." ದಾರ ಒಂದೇ ಸಲಕ್ಕೆ ಒಳಗೆ ಹೋಯಿತು. "ಒಳ್ಳೇದ್ ಮಾಡಿದೆ. ಆ ತಾಯಿ ನಾನೇ. ನನ್ನನ್ನ ಒಂದು ಮಾತು ಕೇಳ್ದೆ ಬರೆದಿದ್ದ. ಗೊತ್ತಾದಾಗ ಚೆನ್ನಾಗಿ ಬೈದೆ. 'ನನ್ ಮಗಳನ್ನ ಯಾರ ವಾದಕ್ಕೂ ಉದಾಹರಣೆ ಮಾಡ್ಬೇಡ' ಅಂದೆ. ಅವಳಿಗೊಂದು ಹೆಸರಿಟ್ಟಿದ್ದೆ ಕಣಮ್ಮ. ಇನ್ನೂ ಯಾರಿಗೂ ಹೇಳಿಲ್ಲ."

ಯಂತ್ರ ಓಡತೊಡಗಿತು. 'ಆಧಾರ ಎಲ್ಲಿ?' ಎಂದು ತರಗತಿಯೆಲ್ಲ ನಗುವಂತೆ ತಾನು ಕೇಳಿದ್ದಳಲ್ಲ. ಆಗ ಅವನು ಒಂದು ಮಾತೂ ತಿರುಗಿ ಆಡಿರಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿತ್ತು.

ವಾರ್ಡುಗಳನ್ನು ಮುಚ್ಚಬಹುದೆಂದು ಸರ್ಕಾರಕ್ಕೆ ಶಿಫಾರಸು ಮಾಡಿದ ಸಮಿತಿಯಲ್ಲಿ ಇದ್ದ ಒಬ್ಬಳೇ ಒಬ್ಬ ಹೆರಿಗೆ ಡಾಕ್ಟರು ಅವಳ ಅಮ್ಮ. ಸದಸ್ಯರ ಹೆಸರು ವರದಿಯಲ್ಲಿ ಎಲ್ಲರಿಗೂ ಕಾಣುವ ಹಾಗೇ ಇತ್ತು. ಆದರೆ ಅಮ್ಮನ ಹೆಸರು ಓದಿದವರಿಗೆ ಮಗಳು ಯಾರೆಂದು ಹೇಗೆ ತಿಳಿಯಬೇಕು?

*

ಅಮ್ಮ ಆಸ್ಪತ್ರೆಯಿಂದ ಬಂದು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಚಹಾ ಕುಡಿಯುತ್ತಿದ್ದಳು. ಕೂತರೆ ಮತ್ತೆ ಏಳಲಾಗುವುದಿಲ್ಲ ಎನ್ನುವುದು ಅವಳ ವಾಡಿಕೆಯ ಮಾತು.

"ಅಮ್ಮಾ, ವಾರ್ಡ್ ಮುಚ್ಚಿ ಅಂತ ಬರೆದಾಗ, ದಾರೀಲಿ ಏನಾಗುತ್ತೆ ಅಂತ ಯೋಚ್ನೆ ಮಾಡಿದ್ರಾ?"

ಅಮ್ಮ ಲೋಟ ಕೆಳಗಿಟ್ಟಳು. "ಯಾಕೀಗ?"

"ಹೇಳಮ್ಮ."

"ಮಾಡಿದ್ವಿ. ನರ್ಸ್ ಇರೋ ಅಂಬುಲೆನ್ಸು ಊರೂರಿಗೂ ಬರೋವರೆಗೆ ಒಂದು ವಾರ್ಡನ್ನೂ ಮುಚ್ಚಬಾರ್ದು ಅಂತ ಹೇಳಿದ್ದೇ ನಾನು. ಸರ್ಕಾರದವರು ಅರ್ಧ ಓದಿದ್ರು. ಮುಚ್ಚೋದಕ್ಕೆ ಖರ್ಚಿಲ್ಲ, ಅದನ್ನ ಮಾಡಿದ್ರು. ಗಾಡಿ ಆಮೇಲೆ ಅಂದ್ರು."

"ನೀನೇನು ಮಾಡ್ದೆ?"

ಅಮ್ಮ ಲೋಟ ತೊಳೆದು ಬೋರಲು ಹಾಕಿದಳು. ಹೊರಗೆ ಯಾರದೋ ಮನೆಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

"ದೊಡ್ಡಾಸ್ಪತ್ರೇಲಿ ಮೂರು ಪಟ್ಟು ಹೆರಿಗೆ ಬರೋಕೆ ಶುರುವಾಯ್ತು. ಕೈ ತುಂಬ ಕೆಲ್ಸ ಇತ್ತು. ಕೆಲ್ಸದ ಹಿಂದೆ ಬಚ್ಚಿಟ್ಕೊಂಡೆ," ಎಂದಳು ಕೊನೆಗೆ.

*

ಮರುದಿನವೇ ಹೇಳಬೇಕೆಂದು ಹೋದಳು, ಹೇಳಲಾಗಲಿಲ್ಲ. ಅವನು ಜ್ವರದಿಂದೆದ್ದು ಬಂದಿದ್ದ, ಗಡ್ಡ ಬಿಟ್ಟಿದ್ದ, ಅವಳನ್ನು ಕಂಡೊಡನೆ ಮುಖವೆಲ್ಲ ನಗುವಾಯಿತು. ಆ ನಗುವನ್ನು ತನ್ನ ಕೈಯಾರೆ ಆರಿಸುವುದು ಹೇಗೆ? ನಾಳೆ ಎಂದುಕೊಂಡಳು. ಹಾಗೆ ನಾಳೆಗಳು ಕೂಡುತ್ತಾ ಹೋದವು. ಅವನು ಮೆಟ್ಟಿಲಿಳಿಯುವಾಗ ಕೈ ಚಾಚಿದರೆ ಅವಳು ಚೀಲ ಸರಿಪಡಿಸಿಕೊಳ್ಳುವವಳಂತೆ ನಟಿಸುತ್ತಿದ್ದಳು.

ಲೇಖನ ಮುಗಿಯುತ್ತಾ ಬಂದಿತ್ತು. ಒಂದು ಸಂಜೆ, ಗ್ರಂಥಾಲಯದವರು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬರುತ್ತಿದ್ದಾಗ, ಅವನು ತನ್ನ ಪುಸ್ತಕಗಳನ್ನೆಲ್ಲ ಪಕ್ಕಕ್ಕೆ ಸರಿಸಿದ.

"ನಾನೊಂದು ಮಾತು ಹೇಳ್ಬೇಕು. ದಯವಿಟ್ಟು ಆಧಾರ ಕೇಳ್ಬೇಡ."

ಅವನ ಬೆರಳು ಮೇಜಿನ ಮೇಲೆ ಅವಳ ಬೆರಳಿಗೆ ಒಂದು ಅಕ್ಷರದಷ್ಟು ದೂರದಲ್ಲಿತ್ತು. ಅವನ ರೆಪ್ಪೆ ಒಮ್ಮೆ ಬಡಿದು ನಿಂತಿತು. ಅವನು ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಕೇಳಬೇಕೆಂಬ ಆಸೆಯೂ ಇತ್ತು. ಆದರೆ ಅದನ್ನು ಕೇಳಿದ ಮೇಲೆ ತನ್ನ ಗುಟ್ಟು ಹೇಳಿದರೆ ಮೋಸವಾಗುತ್ತದೆ.

"ಮೊದ್ಲು ನಾನು," ಎಂದಳು. "ಆ ಸಮಿತೀಲಿ ಇದ್ದ ಡಾಕ್ಟರು ನಮ್ಮಮ್ಮ."

ಬೆರಳು ಸರಿಯಲಿಲ್ಲ. ಆದರೆ ಅದರಲ್ಲಿದ್ದ ಜೀವ ಹೋದಂತಾಯಿತು.

"ನಿಮ್ಮನೆಗೆ ಬಂದ ದಿನ ಅಕ್ಕ ಹೇಳಿದ್ರು, ಆ ತಾಯಿ ತಾನೇ ಅಂತ. ಅವತ್ತೇ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ."

"ಅವತ್ತಿಂದ ಗೊತ್ತಿತ್ತಾ?" ಅವನ ದನಿ ಮೆಲ್ಲಗಿತ್ತು. "ಅಂದ್ರೆ, ನಾನು ಇಲ್ಲಿ ಕೂತು, ವಾರ್ಡ್ ಮುಚ್ಚಿದ್ದಕ್ಕೆ ಕಾರಣಗಳನ್ನ ಹುಡುಕಿ ಹುಡುಕಿ ಬರೀತಾ ಇದ್ದಾಗ… ನೀವು ನೋಡ್ತಾ ಇದ್ರಿ."

'ನೀವು.' ಆ ಒಂದು ಪದ ಅವರ ನಡುವೆ ಮೇಜಿಗಿಂತ ಅಗಲವಾಗಿ ಬಿದ್ದುಕೊಂಡಿತು.

"ಬೈದುಬಿಡು. ಹೀಗೆ ಮಾತಾಡ್ಬೇಡ," ಎಂದಳು.

"ಬೈಯೋಕೆ ಏನಿದೆ? ನಿಮ್ಮಮ್ಮ ನಿಮಗೆ, ನಮ್ಮಕ್ಕ ನನಗೆ." ಅವನು ಎದ್ದ. ಹೊರಡುವಾಗಲೂ, ಗಿಡ್ಡ ಕಾಲಿನ ಮೇಜು ಅಲುಗದಂತೆ ಒಂದು ಕೈಯಿಂದ ಹಿಡಿದೇ ಎದ್ದ. ಅದನ್ನು ಕಂಡು ಅವಳಿಗೆ ಅಳು ಬಂತು.

*

ಮನೆಗೆ ಹೋದವಳೇ ಅವಳು ಚರ್ಚಾಪುಟ ತೆರೆದು ಬರೆದಳು: "ಈ ನೀತಿಯನ್ನು ಶಿಫಾರಸು ಮಾಡಿದ ಸಮಿತಿಯ ಒಬ್ಬ ಸದಸ್ಯೆ ನನ್ನ ತಾಯಿ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಇನ್ನು ಮೇಲೆ ಈ ಲೇಖನವನ್ನು ಮುಟ್ಟುವುದಿಲ್ಲ."

ಬೆಳಗಾಗುವಷ್ಟರಲ್ಲಿ ಕಂಡು ಕೇಳರಿಯದವರೆಲ್ಲ ಅಲ್ಲಿ ಸೇರಿದ್ದರು. ಅಮ್ಮನ ತಪ್ಪಿಗೆ ಮಗಳು ಸುಣ್ಣ ಬಳಿಯುತ್ತಿದ್ದಾಳೆ ಎಂದು ಒಬ್ಬರು. ಇವಳು ಬರೆದದ್ದನ್ನೆಲ್ಲ ಬೇರುಸಹಿತ ಕಿತ್ತುಹಾಕಿ ಎಂದು ಇನ್ನೊಬ್ಬರು. ಕಾಲೇಜಿನಿಂದಲೇ ಹೊರಗೆ ಹಾಕಬೇಕೆಂದು ಮತ್ತೊಬ್ಬರು. ಮೇಷ್ಟ್ರು ಕರೆದು, "ಎಲ್ಲಾ ಕಿತ್ತುಹಾಕಿದ್ರೆ ನಿನ್ನ ಸೆಮಿಸ್ಟರ್ ಹೋಯ್ತು ಅಂತ ಲೆಕ್ಕ. ಆದ್ರೂ ನೀನು ಹೇಳಿದ್ದು ಸರಿ," ಎಂದರು.

ಅವಳಿಗೆ ಸೆಮಿಸ್ಟರಿನ ಚಿಂತೆ ಇರಲಿಲ್ಲ. ಅವನು ತರಗತಿಗೆ ಬರುತ್ತಿದ್ದ. ಬಾಗಿಲ ಪಕ್ಕದಲ್ಲಿ ಕೂತು, ಮುಗಿದೊಡನೆ ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದ. ಅವನ ಬೆನ್ನನ್ನೇ ನೋಡಿ ನೋಡಿ ಅವಳಿಗೆ ಅಂಗಿಯ ಹೊಲಿಗೆಯೆಲ್ಲ ಬಾಯಿಪಾಠವಾಗಿತ್ತು. ಅಕ್ಕನ ಕೈಯ ಹೊಲಿಗೆ, ನೇರ, ಬಿಗಿ.

ಆ ವಾರದ ಕೊನೆಗೆ ಚರ್ಚಾಪುಟದಲ್ಲಿ ಅವನು ಕಾಣಿಸಿಕೊಂಡ.

"ಇವರು ಬರೆದ ಪ್ರತಿ ವಾಕ್ಯವನ್ನೂ ಅದರ ಆಧಾರದ ಜೊತೆ ಇಟ್ಟು ಓದಿದ್ದೇನೆ. ಎರಡು ಕಡೆ ಪುಟಸಂಖ್ಯೆ ತಪ್ಪಿದೆ, ಕೆಳಗೆ ಕೊಟ್ಟಿದ್ದೇನೆ. ಉಳಿದದ್ದೆಲ್ಲ ಸರಿ. ತಾಯಿಯ ಪರವಾಗಿ ಒಂದು ಅಕ್ಷರವೂ ಇಲ್ಲ. ಈ ನೀತಿಯ ಬಗ್ಗೆ ಇಲ್ಲಿರುವ ಅತ್ಯಂತ ಕಟುವಾದ ಟೀಕೆ ಇವರು ಬರೆದದ್ದು. ಸಮರ್ಥನೆ ಬರೆದವನು ನಾನು. ವಾರ್ಡ್ ಮುಚ್ಚಿದ್ದರಿಂದ ನೋವುಂಡ ಮನೆಯವನೂ ನಾನೇ. ಅದನ್ನು ನಾನೂ ಹೇಳಿರಲಿಲ್ಲ. ಹೇಳುವ ಧೈರ್ಯ ಮೊದಲು ಬಂದದ್ದು ಅವರಿಗೆ. ಇನ್ನು ನಾನೂ ಈ ಲೇಖನವನ್ನು ಮುಟ್ಟುವುದಿಲ್ಲ."

ಕೆಳಗೆ ಬೇರೆ ಯಾರೂ ಏನೂ ಬರೆದಿರಲಿಲ್ಲ. ಲ್ಯಾಬಿನಲ್ಲಿ ಕೂತು ಓದುತ್ತಿದ್ದ ಅವಳಿಗೆ ಅಕ್ಷರಗಳು ಒಂದರೊಳಗೊಂದು ಕಲಸಿಕೊಂಡವು. ಪ್ರತಿ ವಾಕ್ಯವನ್ನೂ ಓದಿದ್ದಾನೆ. ಅಷ್ಟು ಸಿಟ್ಟಿನಲ್ಲಿ, ಅಷ್ಟು ಪುಸ್ತಕ ಹೊತ್ತು ತಂದು, ಒಬ್ಬನೇ ಕೂತು ಓದಿದ್ದಾನೆ.

ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಅವನು ಎದುರಿಗೇ ನಿಂತಿದ್ದ.

"ಅಕ್ಕನಿಗೆ ಎಲ್ಲಾ ಹೇಳ್ದೆ," ಎಂದ. 'ನೀನು' ಎನ್ನಲೂ ಇಲ್ಲ, 'ನೀವು' ಎನ್ನಲೂ ಇಲ್ಲ. "ನಿಮ್ಮಮ್ಮನ್ನ ನೋಡ್ಬೇಕಂತೆ."

*

ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗ ಖಾಲಿಯಾದ ಮೇಲೆ ಅಮ್ಮ ಮೂವರನ್ನೂ ತನ್ನ ಕೋಣೆಗೆ ಕರೆದಳು. ಹೊರಗೆ ಹೋಗಲಿದ್ದ ತಮ್ಮನನ್ನೂ ಅವಳನ್ನೂ ಅಕ್ಕ ತಡೆದಳು.

"ಇಬ್ರೂ ಇಲ್ಲೇ ಇರಿ. ಅಷ್ಟುದ್ದ ಬರೆದೋರು ಇದನ್ನೂ ಕೇಳಿಸ್ಕೊಳಿ."

ಅವರು ಗೋಡೆಗೆ ಒರಗಿ ಅಕ್ಕಪಕ್ಕ ನಿಂತರು. ಅವನ ತೋಳು ಅವಳ ತೋಳಿಗೆ ತಾಗುತ್ತಿರಲಿಲ್ಲ. ಅದರ ಬಿಸಿ ಮಾತ್ರ ತಾಗುತ್ತಿತ್ತು.

ಅಕ್ಕ ಕುರ್ಚಿಯಲ್ಲಿ ಕೂತು, ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು, ಆ ದಿನದ್ದೆಲ್ಲ ಹೇಳಿದಳು. ನೋವಿಗೆ ಮೊದಲೇ ರಕ್ತ ಹೋಗಲು ಶುರುವಾದದ್ದು, ಅಂಬುಲೆನ್ಸಿಗೆ ಫೋನ್ ಮಾಡಿ ಮಾಡಿ ಸೋತದ್ದು, ಗಂಡನ ಸರಕಿನ ವ್ಯಾನು, ಸೇತುವೆಯ ಹತ್ತಿರ ವಾಹನಗಳ ಸಾಲು. ಹೇಳುವಾಗ ದನಿ ನಡುಗಲಿಲ್ಲ. ಹೇಳಿ ಮುಗಿಸಿ ಕೇಳಿದಳು:

"ಡಾಕ್ಟ್ರೇ, ಆಗ ನಾವಿದ್ದ ಊರಿನ ವಾರ್ಡು ಅವತ್ತು ತೆರೆದಿದ್ರೆ ನನ್ನ ಮಗು ಉಳೀತಿತ್ತಾ? ಸಮಾಧಾನ ಬೇಡ. ನಿಜ ಹೇಳಿ."

ಮಗಳು ಅಮ್ಮನ ಮುಖ ನೋಡಿದಳು. ರೋಗಿಗಳೆದುರು ಎಂದೂ ಅಳುಕದ ಮುಖ.

"ನನಗೆ ಗೊತ್ತಿಲ್ಲಮ್ಮ," ಎಂದಳು ಅಮ್ಮ. "ಆ ವಾರ್ಡಲ್ಲಿ ರಕ್ತ ಇರ್ತಿರ್ಲಿಲ್ಲ. ಆಪರೇಷನ್ ಮಾಡೋರು ಇಲ್ದೇ ಇದ್ದಿದ್ರೆ ನೀನೂ ಉಳೀತಿರ್ಲಿಲ್ಲ. ಆದ್ರೆ ಫೋನ್ ಮಾಡಿದ ತಕ್ಷಣ ನರ್ಸ್ ಇರೋ ಗಾಡಿ ಬಂದಿದ್ರೆ, ಇಬ್ರೂ ಉಳಿಯೋ ಸಾಧ್ಯತೆ ಹೆಚ್ಚಿತ್ತು. ಆ ಗಾಡಿ ಬರೋವರೆಗೆ ಮುಚ್ಚಬೇಡಿ ಅಂದವಳು ನಾನೇ. ಗಾಡಿ ಬರ್ದೇ ಮುಚ್ಚಿದಾಗ ಬಾಯಿ ಮುಚ್ಕೊಂಡು ಇದ್ದವಳೂ ನಾನೇ. ಅದಕ್ಕೆ ನಿನ್ನ ಹತ್ರ ಕ್ಷಮೆ ಕೇಳೋ ಯೋಗ್ಯತೆನೂ ನನಗಿಲ್ಲ."

ಅಕ್ಕ ತಲೆ ತಗ್ಗಿಸಿದಳು. ಅಷ್ಟು ಹೊತ್ತು ಬಾರದ ಅಳು ಆಗ ಬಂತು. ಅಮ್ಮ ಮೇಜು ದಾಟಿ ಬಂದು, ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟಳು.

ಗೋಡೆಗೆ ಒರಗಿದ್ದವನ ಭುಜ ಅದುರುತ್ತಿತ್ತು. ಅವಳು ಯೋಚಿಸಲಿಲ್ಲ. ಅವನ ಕೈ ಹಿಡಿದುಕೊಂಡಳು. ಒಂದು ಕ್ಷಣ ಆ ಕೈ ಸುಮ್ಮನಿತ್ತು. ಆಮೇಲೆ ನೋವಾಗುವಷ್ಟು ಬಿಗಿಯಾಗಿ ಅವಳ ಕೈಯನ್ನು ಹಿಡಿಯಿತು.

"ನಿಜ ಹೇಳಿದ್ರಲ್ಲ, ಸಾಕು," ಎಂದಳು ಅಕ್ಕ ಕೊನೆಗೆ, ಸೆರಗಿನಿಂದ ಮೂಗೊರೆಸಿಕೊಂಡು. "ಇಷ್ಟು ದಿನ ಎಲ್ರೂ 'ದೇವ್ರ ಇಚ್ಛೆ' ಅಂತಿದ್ರು. ನಾನೇ ತಡ ಮಾಡಿದ್ನೇನೋ ಅಂತ ಒಳಗೊಳಗೇ ಸಾಯ್ತಿದ್ದೆ."

"ನೀನೇನೂ ತಡ ಮಾಡ್ಲಿಲ್ಲ," ಎಂದಳು ಅಮ್ಮ. "ಈ ಸಲ ದಿನ ಹತ್ರ ಬರೋಕೆ ಮುಂಚೆನೇ ಬಂದು ಇಲ್ಲೇ ಇರು. ನಾನಿರ್ತೀನಿ. ಮತ್ತೆ ಈ ಗಾಡಿ ವಿಷ್ಯ ಪೇಪರಿನವರಿಗೆ ಹೇಳ್ತೀನಿ. ನಿನ್ನ ಮಾತು ಬರಲ್ಲ, ನನ್ನದಷ್ಟೇ."

"ಅಮ್ಮಾ, ಕೆಲಸಕ್ಕೆ ತೊಂದ್ರೆ ಆಗಲ್ವಾ?" ಎಂದಳು ಮಗಳು.

"ಆಗುತ್ತೆ," ಎಂದಳು ಅಮ್ಮ. ಗೋಡೆಯ ಬಳಿ ಹೆಣೆದುಕೊಂಡಿದ್ದ ಎರಡು ಕೈಗಳ ಮೇಲೆ ಅವಳ ದೃಷ್ಟಿ ಒಂದು ಗಳಿಗೆ ನಿಂತಿತು. "ನಿನ್ನ ವಿಚಾರಣೆ ಮನೇಲಿ ಮಾಡ್ತೀನಿ."

*

ಆಸ್ಪತ್ರೆಯ ಎದುರಿನ ನಿಲ್ದಾಣದಲ್ಲಿ ಬಸ್ಸು ನಿಂತಿತ್ತು. ಅಕ್ಕ ಹತ್ತಿ ಕಿಟಕಿಯ ಪಕ್ಕ ಕೂತಳು. ಅವರಿಬ್ಬರೂ ಕೆಳಗೆ, ಕಂಬದ ನೆರಳಿನಲ್ಲಿ ನಿಂತರು. ಸಂಜೆಯ ಬಿಸಿಲು ಅವನ ಮುಖದ ಅರ್ಧಕ್ಕೆ ಬಿದ್ದಿತ್ತು.

"ನನ್ನ ಮೇಲೆ ಇನ್ನೂ ಸಿಟ್ಟಿದ್ಯಾ?" ಎಂದಳು.

"ಇದೆ."

"ಎಷ್ಟು?"

"ಹೇಳ್ಬೇಕಾದ್ದನ್ನ ಅವತ್ತೇ ಹೇಳ್ಲಿಲ್ವಲ್ಲ ಅನ್ನೋಷ್ಟು. ನಿಮ್ಮಮ್ಮ ಯಾರು ಅನ್ನೋದಕ್ಕೆ ಸಿಟ್ಟಿಲ್ಲ. ಇತ್ತು. ಇಲ್ಲ ಅಂದ್ರೆ ಸುಳ್ಳು. ನಿನ್ನ ಪ್ಯಾರಾಗಳನ್ನ ಒಂದೊಂದಾಗಿ ಓದ್ತಾ ಓದ್ತಾ ಹೋಯ್ತು. ಸ್ವಂತ ಅಮ್ಮನ ವಿರುದ್ಧ ಅಷ್ಟು ನೇರವಾಗಿ ಬರೆಯೋಳು ನನಗೆ ಸುಳ್ಳು ಹೇಳೋಳಲ್ಲ, ಹೆದರಿದ್ಳು ಅಷ್ಟೇ, ಅನ್ನಿಸ್ತು."

"ಹೆದರಿದ್ದೆ," ಎಂದಳು. "ನೀನು ಎದ್ದು ಹೋಗ್ತೀಯಾ ಅಂತ. ಎದ್ದು ಹೋದೆ ಕೂಡ."

"ವಾಪಸ್ ಬಂದ್ನಲ್ಲ."

ಬಸ್ಸಿನ ಇಂಜಿನು ಗುಡುಗಿತು. ಅವನು ಏನೋ ಹೇಳಲು ಹೊರಟ. ಕೂದಲಿಗೆ ಕೈ ಹಾಕಿದ. ಎರಡೂ ಕಡೆಯ ವಾದ ಗೊತ್ತಿದ್ದವನಿಗೆ ಒಂದು ಕಡೆಯದೂ ನೆನಪಾಗಲಿಲ್ಲ.

"ಲೋ!" ಕಿಟಕಿಯಿಂದ ಅಕ್ಕನ ದನಿ. "ಹೇಳಿದ್ಯೋ ಇಲ್ವೋ? ಡ್ರೈವರ್ ಬಂದಾಯ್ತು. ನಿನ್ನ ಕೈಲಿ ಆಗ್ದಿದ್ರೆ ನಾನ್ ಹೇಳ್ತೀನಿ. ಕೇಳಮ್ಮಾ, ಜ್ವರದಲ್ಲಿ ಇವ್ನು ಕನವರಿಸ್ತಿದ್ದದ್ದು…"

"ಅಕ್ಕಾ, ಸುಮ್ನಿರೇ!"

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಮುಖ ತಂದರು. ಅವಳಿಗೆ ನಗು ಬಂತು.

"ಅವರನ್ಯಾಕೆ ಕಾಯಿಸ್ತೀಯಾ, ನಾನೇ ಹೇಳ್ತೀನಿ," ಎಂದಳು. "ನಾನು ನಿನ್ನ ಪ್ರೀತಿಸ್ತೀನಿ."

ಅವನು ಅವಳನ್ನೇ ನೋಡಿದ. ಕಿವಿಯಿಂದ ಶುರುವಾದ ಕೆಂಪು ಈ ಸಲ ಮುಖವೆಲ್ಲ ಹರಡಿತು.

"ನಾನೂ," ಎಂದ. ಆಮೇಲೆ, ಅಷ್ಟೇ ಹೇಳಿದ್ದು ಸಾಲದೆನಿಸಿ, "ನಾನು ನಿನಗಿಂತ ಮುಂಚಿನಿಂದ," ಎಂದ.

"ಅದೇನು ಸ್ಪರ್ಧೆನಾ?" ಎಂದಳು ಕಿಟಕಿಯಲ್ಲಿದ್ದ ಅಕ್ಕ. "ಹತ್ರೋ ಇಬ್ರೂ!"

ಅವಳ ಮನೆ ಇದ್ದದ್ದು ಆಸ್ಪತ್ರೆಯ ಹಿಂದೆಯೇ, ನಡೆದರೆ ಐದು ನಿಮಿಷದ ದಾರಿ. ಈ ಬಸ್ಸು ಹೋಗುವುದು ಊರಿನ ಆಚೆ ತುದಿಗೆ. ಅವನು ಮೆಟ್ಟಿಲ ಮೇಲೆ ನಿಂತು ಕೈ ಚಾಚಿದ. ಈ ಸಲ ಅವಳು ಚೀಲ ಸರಿಪಡಿಸಿಕೊಳ್ಳಲಿಲ್ಲ. ಬಸ್ಸು ಆಗಲೇ ಕದಲುತ್ತಿತ್ತು. ಅವಳು ಎರಡು ಹೆಜ್ಜೆ ಓಡಿ ಆ ಕೈ ಹಿಡಿದು ಹತ್ತಿದಳು.